ಕೋಡ್‌ನ ಸಾಲು ನೇರ ಮಾಡುವ ಕೆಲಸ ಯಂತ್ರಕ್ಕಿರಲಿ

ಧಾರವಾಡ ಸೀಮೆಯ ಎರೆಹೊಲದಲ್ಲಿ ಕೂರಿಗೆಯಿಂದ ಬಿತ್ತುವುದಕ್ಕೆ ಕಾರಣ ಚೆಂದವಲ್ಲ. ತಾಳು ತಾಳಿನ ನಡುವೆ ಒಂದೇ ಅಂತರವಿದ್ದರೆ ಮುಂದೆ ಎಡೆ ಹೊಡೆಯುವಾಗ ಕುಂಟೆ ಸರಾಗವಾಗಿ ಹಾಯುತ್ತದೆ, ಪೈರು ಯಾವುದು ಕಳೆ ಯಾವುದು ಎಂಬುದು ಬದುವಿನ ಮೇಲೆ ನಿಂತವರಿಗೂ ತಿಳಿಯುತ್ತದೆ. ಸಾಲಿನೊಳಗೆ ಇದ್ದದ್ದು ಬೆಳೆ, ಸಾಲು ತಪ್ಪಿ ಮೊಳೆತದ್ದು ಕಳೆ. ಕಂಪ್ಯೂಟರ್ ಪ್ರೋಗ್ರಾಂಗಳ ಸಾಲುಗಳಿಗೂ ಈ ಮಾತು ಹೊಂದುತ್ತದೆ. ಎಡಗಡೆ ಎಷ್ಟು ಜಾಗ ಬಿಡಬೇಕು, ಉದ್ದನೆಯ ಸಾಲನ್ನು ಎಲ್ಲಿ ಮುರಿಯಬೇಕು, ಆವರಣ ಚಿಹ್ನೆ ಅದೇ ಸಾಲಿನಲ್ಲಿರಬೇಕೋ ಮುಂದಿನದರಲ್ಲೋ ಎಂಬ ತೀರ್ಮಾನಗಳನ್ನು ಬರೆಯುವವರ ಕೈಗೆ ಬಿಟ್ಟಷ್ಟು ದಿನ ಓದುವವರ ಗಮನ ಅಲ್ಲೇ ಖರ್ಚಾಗುತ್ತದೆ. ಇವನ್ನೆಲ್ಲ ಫಾರ್ಮ್ಯಾಟರ್ ಎಂಬ ಒಂದು ಉಪಕರಣಕ್ಕೆ ಒಪ್ಪಿಸಿ, ಇಡೀ ಪ್ರಾಜೆಕ್ಟಿಗೆ ಒಮ್ಮೆ ಅನ್ವಯಿಸಿ, ಆಮೇಲೆ ಆ ಚರ್ಚೆಯನ್ನು ಮುಚ್ಚಿಬಿಡಬೇಕು ಎಂಬುದು ನನ್ನ ವಾದ. ಯಾವ ಉಪಕರಣ ಎಂಬುದಕ್ಕಿಂತ ಯಾವ ಕ್ರಮದಲ್ಲಿ ಎಂಬುದು ಇಲ್ಲಿ ಹೆಚ್ಚು ಮುಖ್ಯ. ಆದ್ದರಿಂದ ಕ್ರಮದ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಇದು ಮನೆಯ ಮಾತು. 1947ರಲ್ಲಿ ಬಿವಿಬಿ ಕಾಲೇಜಾಗಿ ಆರಂಭವಾಗಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿರುವ ವಿದ್ಯಾನಗರದ ಕ್ಯಾಂಪಸ್, 1979ರಿಂದ ಧವಳಗಿರಿಯಲ್ಲಿರುವ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು, 2015ರಲ್ಲಿ ಹುಬ್ಬಳ್ಳಿಯ ಐಟಿ ಪಾರ್ಕಿನಲ್ಲಿ ತರಗತಿ ಶುರುಮಾಡಿದ ಐಐಐಟಿ, 2016ರಲ್ಲಿ ವಾಲ್ಮಿ ಆವರಣದಲ್ಲಿ ಆರಂಭವಾದ ಐಐಟಿ: ಇಷ್ಟು ಕಡೆ ಪ್ರತಿ ವರ್ಷ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು ಪ್ರಾಜೆಕ್ಟ್ ಮಾಡುತ್ತಾರೆ. ಅಂಥ ನಾಲ್ವರ ಗುಂಪನ್ನು ಊಹಿಸಿಕೊಳ್ಳಿ. ಒಬ್ಬರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಇನ್ನೊಬ್ಬರದರಲ್ಲಿ ಉಬುಂಟು. ಒಬ್ಬರು ಟ್ಯಾಬ್ ಒತ್ತುತ್ತಾರೆ, ಒಬ್ಬರು ಎರಡು ಸ್ಪೇಸ್ ಬಿಡುತ್ತಾರೆ, ಮತ್ತೊಬ್ಬರು ನಾಲ್ಕು. ಮೂರು ಸಾಲು ತಿದ್ದಿ ಫೈಲ್ ಉಳಿಸಿದಾಗ ಒಬ್ಬರ ಎಡಿಟರ್ ತನ್ನಷ್ಟಕ್ಕೆ ಇಡೀ ಫೈಲನ್ನು ತನ್ನ ಅಳತೆಗೆ ತಂದಿರುತ್ತದೆ. ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ನೋಡಿದರೆ ನಾನೂರು ಸಾಲು ಬದಲಾಗಿದೆ ಎಂದು ಕೆಂಪು ಹಸಿರು ಬಣ್ಣ ತುಂಬಿಕೊಂಡಿರುತ್ತದೆ. ನಿಜವಾದ ಮೂರು ಸಾಲು ಯಾವುದೆಂದು ಗೈಡ್‌ಗೂ ತಿಳಿಯದು, ತಿದ್ದಿದವರಿಗೂ ವಾರದ ಮೇಲೆ ನೆನಪಿರದು. ಇಬ್ಬರು ಒಂದೇ ಫೈಲಿನಲ್ಲಿ ಕೆಲಸ ಮಾಡಿದ್ದರೆ ಮರ್ಜ್ ಮಾಡುವಾಗ ಸಂಘರ್ಷ ಬರುತ್ತದೆ. ಆ ಸಂಘರ್ಷದಲ್ಲಿ ಅರ್ಥದ ಭಿನ್ನಾಭಿಪ್ರಾಯ ಒಂದೂ ಇರುವುದಿಲ್ಲ, ಬರೀ ಖಾಲಿ ಜಾಗದ ಜಗಳ.

ಈ ತೊಂದರೆಗೆ ಮದ್ದು ಹುಡುಕುವ ಪ್ರಯತ್ನ ಹಳೆಯದು. ಸಿ ಭಾಷೆಯ ಕೋಡ್ ಜೋಡಿಸುವ ಇಂಡೆಂಟ್ ಎಂಬ ಯುನಿಕ್ಸ್ ಉಪಕರಣ 1970ರ ದಶಕದ್ದು. ಪೈಥಾನ್ ಸಮುದಾಯ 2001ರಲ್ಲಿ ಪೆಪ್ 8 ಎಂಬ ಶೈಲಿ ಕೈಪಿಡಿ ಬರೆದುಕೊಂಡಿತು. ಆದರೆ ಕೈಪಿಡಿಯನ್ನು ಓದಬೇಕು, ನೆನಪಿಡಬೇಕು, ಇನ್ನೊಬ್ಬರು ಮರೆತಾಗ ಎತ್ತಿ ತೋರಿಸಬೇಕು. ಇಂಡೆಂಟ್‌ನಂಥ ಉಪಕರಣಕ್ಕೆ ಹತ್ತಾರು ಆಯ್ಕೆಗಳಿದ್ದದ್ದರಿಂದ ಯಾವ ಆಯ್ಕೆ ಎಂಬ ವಾದ ಹಾಗೇ ಉಳಿಯಿತು. ತಿರುವು ಬಂದದ್ದು 2009ರಲ್ಲಿ ಗೂಗಲ್ ಪ್ರಕಟಿಸಿದ ಗೋ ಭಾಷೆಯ ಜೊತೆಗೆ. ಅದರ ಗೋಫಂಟ್ ಉಪಕರಣದಲ್ಲಿ ಶೈಲಿಯ ಆಯ್ಕೆಗಳೇ ಇಲ್ಲ. ಅದು ಹೇಳಿದ್ದೇ ಶೈಲಿ, ಗೋ ಬರೆಯುವವರೆಲ್ಲ ಅದನ್ನು ಒಪ್ಪಿಕೊಂಡರು. 2017ರಲ್ಲಿ ಜೇಮ್ಸ್ ಲಾಂಗ್ ಜಾವಾಸ್ಕ್ರಿಪ್ಟ್‌ಗಾಗಿ ಪ್ರೆಟಿಯರ್ ಹೊರತಂದರು. 2018ರಲ್ಲಿ ಪೋಲೆಂಡಿನ ಉಕಾಶ್ ಲಾಂಗಾ ಪೈಥಾನ್‌ಗಾಗಿ ಬ್ಲ್ಯಾಕ್ ಬರೆದರು. ಪ್ರೆಟಿಯರ್ ಸಾಲಿಗೆ 80 ಅಕ್ಷರ ಹಿಡಿದರೆ ಬ್ಲ್ಯಾಕ್ 88 ಹಿಡಿಯುತ್ತದೆ. ಈ ಸಂಖ್ಯೆಗಳಲ್ಲಿ ಯಾವುದು ಸರಿ ಎಂದು ಕೇಳುವುದರಲ್ಲಿ ಹುರುಳಿಲ್ಲ. ಸಂಖ್ಯೆ ಒಂದೇ ಇದೆ, ಎಲ್ಲರಿಗೂ ಅದೇ ಇದೆ ಎಂಬುದರಲ್ಲಿ ಹುರುಳಿದೆ.

ಹುಬ್ಬಳ್ಳಿಯ ಬೆಂಗೇರಿಯ ಉದಾಹರಣೆ ಇಲ್ಲಿ ನನಗೆ ತುಂಬ ಹತ್ತಿರದ್ದಾಗಿ ಕಾಣುತ್ತದೆ. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ. ಬಟ್ಟೆ ಬಾಗಲಕೋಟೆ ಕಡೆಯಿಂದ ಬರುತ್ತದೆ. ಕತ್ತರಿಸುವುದು, ಬಣ್ಣ, ಚಕ್ರದ ಅಚ್ಚು, ಹೊಲಿಗೆ ಇಲ್ಲಿ ನಡೆಯುತ್ತವೆ. ಭಾರತೀಯ ಮಾನಕ ಬ್ಯೂರೋದ ಐಎಸ್ 1 ಎಂಬ ಮಾನಕ ಧ್ವಜದ ಅಳತೆ, ಬಣ್ಣ, ನೂಲು, ಹೊಲಿಗೆ ಎಲ್ಲವನ್ನೂ ಮೊದಲೇ ನಿಗದಿ ಮಾಡಿಟ್ಟಿದೆ. ಉದ್ದ ಅಗಲದ ಪ್ರಮಾಣ 3:2, ಚಕ್ರಕ್ಕೆ 24 ಕಡ್ಡಿ, ಒಪ್ಪಿತ ಗಾತ್ರಗಳು ಒಂಬತ್ತು. ಹೀಗಿರುವುದರಿಂದ ಅಲ್ಲಿ ಕೂತು ಹೊಲಿಯುವ ಹೆಣ್ಣುಮಕ್ಕಳು ಪ್ರತಿ ಧ್ವಜಕ್ಕೂ ಚಕ್ರ ಎಷ್ಟು ದೊಡ್ಡದಿರಲಿ ಎಂದು ಚರ್ಚಿಸಬೇಕಾಗಿಲ್ಲ. ಅವರ ಪೂರಾ ಗಮನ ಹೊಲಿಗೆಯ ಮೇಲಿರುತ್ತದೆ, ತಪಾಸಣೆ ಮಾಡುವವರ ಗಮನ ತಪ್ಪಿನ ಮೇಲಿರುತ್ತದೆ. ಅಳತೆ ಹೊರಗಿನಿಂದ ನಿಶ್ಚಯವಾದದ್ದು ಅವರ ಕಸುಬನ್ನು ಸಣ್ಣದು ಮಾಡಿಲ್ಲ. ಕೋಡ್ ಬರೆಯುವವರು ಫಾರ್ಮ್ಯಾಟರ್‌ನಿಂದ ಪಡೆಯಬೇಕಾದ ಬಿಡುಗಡೆಯೂ ಇದೇ ಜಾತಿಯದು.

ರೂಪ ತಪ್ಪಿದರೆ ಅರ್ಥವನ್ನೂ ಮರೆಮಾಚಬಲ್ಲದು ಎಂಬುದಕ್ಕೆ ಜಗತ್ತು ಕಂಡ ಸಾಕ್ಷಿ 2014ರ ಫೆಬ್ರುವರಿಯದು. ಐಫೋನ್ ಮತ್ತು ಮ್ಯಾಕ್‌ಗಳಲ್ಲಿ ಸುರಕ್ಷಿತ ಸಂಪರ್ಕವನ್ನು ಪರೀಕ್ಷಿಸುವ ಆಪಲ್‌ನ ಸಿ ಕೋಡ್‌ನಲ್ಲಿ 'ಗೋಟು ಫೇಲ್' ಎಂಬ ಒಂದು ಸಾಲು ಎರಡು ಬಾರಿ ಬಿದ್ದಿತ್ತು. ಮೊದಲನೆಯದು 'ಇಫ್' ಷರತ್ತಿಗೆ ಸೇರಿದ್ದು. ಎರಡನೆಯದು ಯಾವ ಷರತ್ತಿಗೂ ಸೇರದ್ದು, ಹಾಗಾಗಿ ಪ್ರತಿ ಸಲವೂ ಓಡುವಂಥದ್ದು. ಅದು ಓಡಿದ ಕೂಡಲೇ ಮುಂದಿನ ಸಹಿ ಪರಿಶೀಲನೆಯನ್ನೆಲ್ಲ ಹಾರಿ ಯಶಸ್ವಿ ಎಂಬ ಉತ್ತರ ಹೊರಬೀಳುತ್ತಿತ್ತು. ಆದರೆ ಆ ಎರಡನೆಯ ಸಾಲನ್ನೂ ಮೊದಲನೆಯದರಷ್ಟೇ ಒಳಕ್ಕೆ ಸರಿಸಿ ಬರೆಯಲಾಗಿತ್ತು. ನೋಡಿದವರ ಕಣ್ಣಿಗೆ ಅದು ಷರತ್ತಿನ ಒಳಗಿನದೇ ಎಂದು ಕಂಡಿತು. ಫಾರ್ಮ್ಯಾಟರ್ ಓಡಿಸಿದ್ದರೆ ಅದು ಆ ಸಾಲನ್ನು ಎಡಕ್ಕೆ ಎಳೆದು, 'ಇಫ್' ಇರುವ ಅಂಚಿಗೇ ತಂದು ನಿಲ್ಲಿಸುತ್ತಿತ್ತು. ದೋಷವನ್ನು ಅದು ಸರಿಪಡಿಸುತ್ತಿರಲಿಲ್ಲ, ಪತ್ತೆಯನ್ನೂ ಮಾಡುತ್ತಿರಲಿಲ್ಲ. ಆದರೆ ಸಾಲು ತಪ್ಪಿ ಮೊಳೆತದ್ದು ಬಯಲಿಗೆ ಬರುತ್ತಿತ್ತು, ಓದುವವರು ಹಿಡಿಯುವ ಸಾಧ್ಯತೆ ಹೆಚ್ಚುತ್ತಿತ್ತು. ದಾರಿ ತಪ್ಪಿಸುವ ಇಂಡೆಂಟ್ ಕಂಡರೆ ಎಚ್ಚರಿಸುವ ವ್ಯವಸ್ಥೆಯನ್ನು ಜಿಸಿಸಿ ಕಂಪೈಲರ್ 2016ರ ಆರನೆಯ ಆವೃತ್ತಿಯಲ್ಲಿ ಸೇರಿಸಿತು ಎಂಬುದೂ ಈ ಮಾತಿನ ತೂಕವನ್ನು ಹೇಳುತ್ತದೆ.

ಇಷ್ಟಾದರೂ ಫಾರ್ಮ್ಯಾಟರ್‌ನ ಗಡಿ ಎಲ್ಲಿ ಎಂಬುದನ್ನು ಸ್ಪಷ್ಟವಾಗಿ ಗುರುತಿಸಬೇಕು. 2014ರ ನವೆಂಬರ್ 1ರಂದು ಹಲವು ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ 'ಹುಬ್ಲಿ' ಹೋಗಿ 'ಹುಬ್ಬಳ್ಳಿ' ಬಂತು. ಆಮೇಲೆ ಅಲ್ಲಿನ ರೈಲು ನಿಲ್ದಾಣಕ್ಕೆ ಸಿದ್ಧಾರೂಢ ಸ್ವಾಮೀಜಿಯವರ ಹೆಸರೂ ಸೇರಿತು. ಆದರೆ ರೈಲ್ವೆಯ ಲೆಕ್ಕದಲ್ಲಿ ಊರಿನ ಸಂಕೇತ ಇಂದಿಗೂ 'ಯುಬಿಎಲ್'. ಫಲಕ ಬದಲಾದರೂ ಟಿಕೆಟ್ ವ್ಯವಸ್ಥೆ ಗುರುತಿಸುವ ಸಂಕೇತ ಬದಲಾಗಲಿಲ್ಲ. ಫಾರ್ಮ್ಯಾಟರ್ ಅದಕ್ಕಿಂತಲೂ ಸಂಕೋಚದ ಪ್ರಾಣಿ, ಫಲಕದ ಹೆಸರನ್ನೂ ಅದು ಮುಟ್ಟುವುದಿಲ್ಲ. ಫಲಕವನ್ನು ನೇರವಾಗಿ ನಿಲ್ಲಿಸುವುದಷ್ಟೇ ಅದರ ಕೆಲಸ. ಕೋಡ್‌ನಲ್ಲಿರುವ ಹಳೆಯ ಹೆಸರನ್ನು ಹೊಸದಕ್ಕೆ ಬದಲಿಸುವುದು ಬೇರೆ ಕೆಲಸ, ಬಳಸದ ವೇರಿಯಬಲ್ ಹುಡುಕುವ ಲಿಂಟರ್ ಬೇರೆ ಉಪಕರಣ. ಈ ಮೂರನ್ನೂ ಒಂದೇ ದಿನ ಒಂದೇ ಕಮಿಟ್‌ನಲ್ಲಿ ಮಾಡುವ ಆಸೆ ಅನೇಕರಿಗೆ ಬರುತ್ತದೆ. ಅದಕ್ಕೆ ಬಲಿಯಾಗಬೇಡಿ, ಏನಾದರೂ ಕೆಟ್ಟಾಗ ಕಾರಣ ಯಾವುದೆಂದು ಬೇರ್ಪಡಿಸಲಾಗುವುದಿಲ್ಲ.

ಈಗ ಕೆಲಸದ ಕ್ರಮ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಮೊದಲು ದಿನ ಗೊತ್ತುಮಾಡಿ. ಎಲ್ಲರೂ ಅರ್ಧಕ್ಕೆ ಬಿಟ್ಟ ಕೆಲಸವನ್ನು ಆದಷ್ಟು ಮಟ್ಟಿಗೆ ಮುಗಿಸಿ ಮುಖ್ಯ ಬ್ರಾಂಚಿಗೆ ಸೇರಿಸಿರಬೇಕು. ಪ್ರಾತ್ಯಕ್ಷಿಕೆಯ ಹಿಂದಿನ ದಿನ ಈ ಕೆಲಸಕ್ಕೆ ತಕ್ಕದ್ದಲ್ಲ, ಅದು ಮುಗಿದ ಮರುದಿನ ಒಳ್ಳೆಯದು. ಉಪಕರಣವನ್ನು ಸ್ಥಾಪಿಸುವಾಗ ಆವೃತ್ತಿಯ ಸಂಖ್ಯೆಯನ್ನು ಖಚಿತವಾಗಿ ಬರೆದಿಡಿ: ಪೈಥಾನ್‌ನಲ್ಲಾದರೆ ಅವಶ್ಯಕತೆಗಳ ಫೈಲಿನಲ್ಲಿ, ಜಾವಾಸ್ಕ್ರಿಪ್ಟ್‌ನಲ್ಲಾದರೆ 'ಪ್ಯಾಕೇಜ್ ಜೇಸನ್' ಫೈಲಿನಲ್ಲಿ. ಇಬ್ಬರ ಹತ್ತಿರ ಎರಡು ಆವೃತ್ತಿ ಇದ್ದರೆ ಒಂದೇ ಫೈಲನ್ನು ಅವು ಎರಡು ರೀತಿ ಜೋಡಿಸಬಹುದು. ಯಾವ ರೋಗಕ್ಕೆ ಮದ್ದು ತಂದಿರೋ ಆ ರೋಗವೇ ಮರಳುತ್ತದೆ. ಸೆಟ್ಟಿಂಗ್ ಫೈಲ್ ಪ್ರಾಜೆಕ್ಟಿನ ಬುಡದಲ್ಲಿ ಒಂದೇ ಇರಲಿ, ಅದರಲ್ಲಿ ಆದಷ್ಟು ಕಡಿಮೆ ಬರೆಯಿರಿ. ಹೊರಗಿನಿಂದ ತಂದಿಟ್ಟ ಲೈಬ್ರರಿಗಳು, ಯಂತ್ರವೇ ಹುಟ್ಟಿಸಿದ ಫೈಲುಗಳು, ಕುಗ್ಗಿಸಿದ ಜಾವಾಸ್ಕ್ರಿಪ್ಟ್ ಫೈಲುಗಳು ಇವನ್ನು ಹೊರಗಿಡುವ ಪಟ್ಟಿ ಕೊಡಿ. ನೋಡ್ ಮಾಡ್ಯೂಲ್‌ಗಳ ಫೋಲ್ಡರನ್ನು ಪ್ರೆಟಿಯರ್ ತಾನಾಗಿಯೇ ಬಿಡುತ್ತದೆ, ಉಳಿದವನ್ನು 'ಪ್ರೆಟಿಯರ್ ಇಗ್ನೋರ್' ಫೈಲಿನಲ್ಲಿ ನೀವೇ ಹೇಳಬೇಕು.

ಸಾಲು ಮುಗಿಯುವ ಗುರುತಿನ ವಿಷಯವನ್ನು ಫಾರ್ಮ್ಯಾಟ್ ಮಾಡುವ ಮುಂಚೆಯೇ ತೀರಿಸಿಕೊಳ್ಳಿ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಕಾಣದ ಎರಡು ಅಕ್ಷರ ಇಡುತ್ತದೆ, ಲಿನಕ್ಸ್ ಒಂದೇ ಇಡುತ್ತದೆ. ಮೇಲೆ ಹೇಳಿದ ನಾನೂರು ಸಾಲಿನ ಸುಳ್ಳು ಬದಲಾವಣೆಗೆ ಅರ್ಧ ಕಾರಣ ಇದೇ ಇರುತ್ತದೆ. 'ಗಿಟ್ ಆಟ್ರಿಬ್ಯೂಟ್ಸ್' ಫೈಲಿನಲ್ಲಿ ನಕ್ಷತ್ರ ಚಿಹ್ನೆ ಇಟ್ಟು 'ಟೆಕ್ಸ್ಟ್=ಆಟೋ' ಎಂದು ಒಂದು ಸಾಲು ಬರೆದು, 'ಗಿಟ್ ಆಡ್ --ರೀನಾರ್ಮಲೈಸ್ .' ಎಂದು ಕೊಟ್ಟರೆ ಗಿಟ್ ಭಂಡಾರದೊಳಗೆ ಎಲ್ಲವೂ ಒಂದೇ ಗುರುತಿಗೆ ಬರುತ್ತವೆ. ಇದು ಪ್ರತ್ಯೇಕ ಕಮಿಟ್ ಆಗಲಿ. ಆಮೇಲೆ ಮುಟ್ಟದೆ ನೋಡುವ ಹಂತ: 'ಬ್ಲ್ಯಾಕ್ --ಚೆಕ್ .' ಎಂದರೆ ಯಾವ ಫೈಲುಗಳು ಬದಲಾಗಲಿವೆ ಎಂದು ಹೇಳುತ್ತದೆ, 'ಬ್ಲ್ಯಾಕ್ --ಡಿಫ್ .' ಎಂದರೆ ಏನು ಬದಲಾಗಲಿದೆ ಎಂದು ತೋರಿಸುತ್ತದೆ. ಕೊನೆಯ ಚುಕ್ಕೆ ಈಗಿರುವ ಫೋಲ್ಡರ್ ಮತ್ತು ಅದರೊಳಗಿನ ಎಲ್ಲವನ್ನೂ ಸೂಚಿಸುತ್ತದೆ. ಪ್ರೆಟಿಯರ್‌ನಲ್ಲೂ '--ಚೆಕ್' ಇದೆ. ಹೊರಗಿಡಬೇಕಾದ ಫೈಲು ಪಟ್ಟಿಯಲ್ಲಿ ಕಂಡರೆ ಈಗಲೇ ಸರಿಪಡಿಸಿ. ಮೂರು ನಾಲ್ಕು ಫೈಲುಗಳ ವ್ಯತ್ಯಾಸವನ್ನು ನಿಧಾನವಾಗಿ ಓದಿ ನೋಡಿ, ಬೇಸರ ಪಡಬೇಡಿ. ತೃಪ್ತಿಯಾದ ಮೇಲೆ 'ಬ್ಲ್ಯಾಕ್ .' ಅಥವಾ 'ಪ್ರೆಟಿಯರ್ --ರೈಟ್ .' ಕೊಡಿ. ಇರುವ ಪರೀಕ್ಷೆಗಳನ್ನೆಲ್ಲ ಓಡಿಸಿ. ಬೇರೇನನ್ನೂ ಸೇರಿಸದೆ ಕಮಿಟ್ ಮಾಡಿ. ಕೈಯಿಂದ ಮಾಡಿದ ಒಂದೇ ಒಂದು ತಿದ್ದುಪಡಿಯೂ ಆ ಕಮಿಟ್‌ನಲ್ಲಿ ಇರಬಾರದು, ಹಾಗಿದ್ದರೆ ಮಾತ್ರ ಯಾರು ಬೇಕಾದರೂ ಅದೇ ಕಮಾಂಡ್ ಓಡಿಸಿ ಅದೇ ಫಲ ಬಂತೇ ಎಂದು ತಾಳೆ ನೋಡಬಹುದು.

ನಡೆಯುತ್ತಿರುವ ಕೋಡನ್ನು ಸುಮ್ಮನೆ ಯಾಕೆ ಮುಟ್ಟಬೇಕು ಎಂಬ ಆಕ್ಷೇಪ ನ್ಯಾಯವಾದದ್ದು. ಇದಕ್ಕೆ ಧೈರ್ಯದ ಮಾತು ಸಾಲದು, ಕಾರಣ ಬೇಕು. ಬ್ಲ್ಯಾಕ್ ತನ್ನ ಕೆಲಸ ಮುಗಿಸಿದ ಮೇಲೆ ಹಳೆಯ ಮತ್ತು ಹೊಸ ಕೋಡ್ ಎರಡರ ವ್ಯಾಕರಣ ವೃಕ್ಷವನ್ನು ಕಟ್ಟಿ ಹೋಲಿಸುತ್ತದೆ. ಎರಡೂ ಸಮಾನ ಅಲ್ಲದಿದ್ದರೆ ಫೈಲನ್ನು ಬರೆಯದೆ ದೋಷ ವರದಿ ಮಾಡುತ್ತದೆ. '--ಫಾಸ್ಟ್' ಎಂದರೆ ಈ ಹೋಲಿಕೆಯನ್ನು ಬಿಟ್ಟುಬಿಡುತ್ತದೆ, ಆದ್ದರಿಂದ ಮೊದಲ ದಿನ ಅದನ್ನು ಕೊಡಬೇಡಿ. ಅಪಾಯ ನಿಜವಾಗಿ ಇರುವುದು ಜೋಡಣೆಯ ಜೊತೆ ಕ್ರಮವನ್ನೂ ಬದಲಿಸುವ ಉಪಕರಣಗಳಲ್ಲಿ. ಸಿ++ಗಾಗಿ ಇರುವ ಕ್ಲ್ಯಾಂಗ್-ಫಾರ್ಮ್ಯಾಟ್ ತನ್ನ ಮೂಲ ಶೈಲಿಯಲ್ಲಿ 'ಇನ್‌ಕ್ಲೂಡ್' ಸಾಲುಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ. ಒಂದು ಹೆಡರ್ ಇನ್ನೊಂದಕ್ಕಿಂತ ಮುಂಚೆ ಬರಲೇಬೇಕಾದ ಹಳೆಯ ಪ್ರಾಜೆಕ್ಟಿನಲ್ಲಿ ಇದರಿಂದ ಕಂಪೈಲ್ ಆಗುವುದೇ ನಿಲ್ಲಬಹುದು. ಎಂಬೆಡೆಡ್ ಪ್ರಾಜೆಕ್ಟ್ ಮಾಡುವವರು ಈ ಆಯ್ಕೆಯನ್ನು ಮೊದಲು ಆಫ್ ಮಾಡಿ, ಉಳಿದದ್ದು ಸರಿಹೋದ ಮೇಲೆ ಬೇಕಿದ್ದರೆ ಆನ್ ಮಾಡಲಿ. ಮ್ಯಾಟ್ರಿಕ್ಸ್‌ಗಳಂತೆ ಕಂಬಸಾಲಾಗಿ ಜೋಡಿಸಿದ ಅಂಕಿಗಳ ವಿಷಯದಲ್ಲಿ ಮನುಷ್ಯರ ಜೋಡಣೆಯೇ ಮೇಲು ಎಂದು ನಾನೂ ಒಪ್ಪುತ್ತೇನೆ. ಅಂಥ ಜಾಗದಲ್ಲಿ ಬ್ಲ್ಯಾಕ್‌ಗೆ 'ಎಫ್ಎಂಟಿ: ಆಫ್' ಮತ್ತು 'ಎಫ್ಎಂಟಿ: ಆನ್' ಎಂಬ ಟಿಪ್ಪಣಿಗಳ ನಡುವೆ, ಪ್ರೆಟಿಯರ್‌ಗೆ 'ಪ್ರೆಟಿಯರ್-ಇಗ್ನೋರ್' ಎಂಬ ಟಿಪ್ಪಣಿಯ ಕೆಳಗೆ ಬರೆದರೆ ಅವು ಮುಟ್ಟುವುದಿಲ್ಲ. ಇಡೀ ಪ್ರಾಜೆಕ್ಟಿನಲ್ಲಿ ಇಂಥ ವಿನಾಯಿತಿ ಬೆರಳೆಣಿಕೆಯಷ್ಟಿರಲಿ.

ಇತಿಹಾಸ ಅಳಿಸಿಹೋಗುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಒಂದು ಸಾಲನ್ನು ಯಾರು, ಯಾವಾಗ, ಯಾಕೆ ಬರೆದರು ಎಂದು ತೋರಿಸುವ 'ಗಿಟ್ ಬ್ಲೇಮ್' ಫಾರ್ಮ್ಯಾಟ್ ಮಾಡಿದ ದಿನದಿಂದ ರೂಪ ಬದಲಾದ ಎಲ್ಲ ಸಾಲುಗಳಿಗೂ ಕಮಾಂಡ್ ಓಡಿಸಿದವರ ಹೆಸರೇ ತೋರಿಸಿಬಿಡುತ್ತದೆ. ಬಹಳ ವರ್ಷ ದೊಡ್ಡ ಪ್ರಾಜೆಕ್ಟುಗಳು ಹಿಂಜರಿದದ್ದು ಈ ಕಾರಣಕ್ಕೇ. 2019ರ ಆಗಸ್ಟ್‌ನಲ್ಲಿ ಬಂದ ಗಿಟ್ 2.23 ಇದಕ್ಕೆ ದಾರಿ ಮಾಡಿತು: ಕೆಲವು ಕಮಿಟ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅವುಗಳ ಹಿಂದಿನ ಕೈ ಯಾರದ್ದೆಂದು ತೋರಿಸು ಎಂದು ಹೇಳಬಹುದು. ಫಾರ್ಮ್ಯಾಟ್ ಕಮಿಟ್‌ನ ಪೂರ್ಣ ಗುರುತುಸಂಖ್ಯೆಯನ್ನು '.ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್' ಎಂಬ ಫೈಲಿನಲ್ಲಿ ಬರೆದು, ಪ್ರತಿಯೊಬ್ಬರ ಯಂತ್ರದಲ್ಲೂ 'ಗಿಟ್ ಕಾನ್ಫಿಗ್'ನ 'ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್' ಎಂಬ ಸೆಟ್ಟಿಂಗ್‌ನಲ್ಲಿ ಆ ಫೈಲಿನ ಹೆಸರು ಕೊಟ್ಟರೆ ಆಯಿತು. 2022ರಿಂದ ಗಿಟ್‌ಹಬ್ ತಾಣವೂ ಈ ಫೈಲನ್ನು ಗುರುತಿಸುತ್ತದೆ. ಕಮಿಟ್ ಶುದ್ಧವಾಗಿರಬೇಕು ಎಂದು ಮೇಲೆ ಒತ್ತಿ ಹೇಳಿದ್ದಕ್ಕೆ ಇನ್ನೊಂದು ಕಾರಣ ಇಲ್ಲಿದೆ. ಅದರೊಳಗೆ ನಿಜವಾದ ತಿದ್ದುಪಡಿ ಬೆರೆತಿದ್ದರೆ ಅದೂ ಬ್ಲೇಮ್‌ನ ಕಣ್ಣಿಂದ ಮರೆಯಾಗುತ್ತದೆ. ಪೈಥಾನ್ ಲೋಕದ ಬಹುದೊಡ್ಡ ಪ್ರಾಜೆಕ್ಟುಗಳಲ್ಲಿ ಒಂದಾದ ಜ್ಯಾಂಗೋ ಬ್ಲ್ಯಾಕ್ ಬಳಸಲು 2019ರಲ್ಲೇ ಒಪ್ಪಿದ್ದರೂ ಆ ಉಪಕರಣದ ಮೊದಲ ಸ್ಥಿರ ಆವೃತ್ತಿ ಬರುವ ತನಕ ಕಾದಿತು. ಅದು 2022ರ ಜನವರಿಯಲ್ಲಿ ಬಂತು, ಜ್ಯಾಂಗೋ ಫೆಬ್ರುವರಿಯಲ್ಲಿ ಇಡೀ ಭಂಡಾರವನ್ನು ಒಮ್ಮೆಗೇ ಬದಲಿಸಿತು, ಆ ಕಮಿಟನ್ನು ಇಗ್ನೋರ್ ಪಟ್ಟಿಗೆ ಸೇರಿಸಿತು. ನಿಧಾನವಾಗಿ ಮುಟ್ಟಿದ ಫೈಲುಗಳನ್ನಷ್ಟೇ ಸರಿಪಡಿಸುತ್ತ ಹೋಗೋಣ ಎಂಬ ಮಧ್ಯಮ ಮಾರ್ಗ ಕೇಳಲು ಹಿತವಾಗಿದೆ, ಆದರೆ ಅದು ಶುದ್ಧವಲ್ಲದ ನೂರು ಕಮಿಟ್‌ಗಳನ್ನು ಹುಟ್ಟಿಸುತ್ತದೆ. ನೂರನ್ನೂ ಮರೆಮಾಡಲಾಗದು.

ಎಲ್ಲ ಬ್ರಾಂಚುಗಳೂ ಆ ದಿನಕ್ಕೆ ಮುಗಿದಿರುವುದಿಲ್ಲ, ಒಬ್ಬರದ್ದಾದರೂ ಉಳಿದೇ ಇರುತ್ತದೆ. ಅದನ್ನು ಕೈಯಿಂದ ಮರ್ಜ್ ಮಾಡಲು ಹೋದರೆ ಪ್ರತಿ ಫೈಲಿನಲ್ಲೂ ಸಂಘರ್ಷ. ಅದಕ್ಕೊಂದು ಕ್ರಮವಿದೆ. ಮೊದಲು ಫಾರ್ಮ್ಯಾಟ್ ಕಮಿಟ್‌ನ ಹಿಂದಿನ ಕಮಿಟನ್ನು ನಿಮ್ಮ ಬ್ರಾಂಚಿಗೆ ಮರ್ಜ್ ಮಾಡಿ, ಇದರಲ್ಲಿ ಬರುವ ಸಂಘರ್ಷ ಎಂದಿನಂತೆ ಅರ್ಥದ್ದು. ಆಮೇಲೆ ಅದೇ ಸೆಟ್ಟಿಂಗ್ ಫೈಲ್, ಅದೇ ಆವೃತ್ತಿ ಇಟ್ಟುಕೊಂಡು ನಿಮ್ಮ ಬ್ರಾಂಚಿನಲ್ಲಿ ಫಾರ್ಮ್ಯಾಟರ್ ಓಡಿಸಿ ಕಮಿಟ್ ಮಾಡಿ. ಮೂರನೆಯದಾಗಿ ಮುಖ್ಯ ಬ್ರಾಂಚಿನ ಫಾರ್ಮ್ಯಾಟ್ ಕಮಿಟನ್ನು ಮರ್ಜ್ ಮಾಡುವಾಗ '-ಎಸ್ ಅವರ್ಸ್' ಎಂಬ ತಂತ್ರ ಕೊಡಿ, ಅಂದರೆ ನನ್ನ ಕಡೆಯ ರೂಪವನ್ನೇ ಉಳಿಸು ಎಂದು. ನಿಮ್ಮ ಬ್ರಾಂಚಿನಲ್ಲಿ ಅದಾಗಲೇ ಅದೇ ಉಪಕರಣ ಅದೇ ಕೆಲಸ ಮಾಡಿರುವುದರಿಂದ ಏನೂ ಕಳೆದುಹೋಗುವುದಿಲ್ಲ. ಅಲ್ಲಿಂದ ಮುಂದಿನ ಕಮಿಟ್‌ಗಳು ಎಂದಿನಂತೆ ಸೇರುತ್ತವೆ. ಈ '-ಎಸ್ ಅವರ್ಸ್' ಆ ಒಂದು ಕಮಿಟಿಗೆ ಮಾತ್ರ. ಬೇರೆ ಕಡೆ ಕೊಟ್ಟರೆ ಜೊತೆಗಾರರ ಕೆಲಸ ಸದ್ದಿಲ್ಲದೆ ಅಳಿಸಿಹೋಗುತ್ತದೆ.

ಕನ್ನಡದಲ್ಲಿ ಸೇವೆ ಕೊಡುವ ಪ್ರಾಜೆಕ್ಟುಗಳಿಗೆ ಮಾತ್ರ ಬರುವ ಕೆಲವು ತೊಡಕುಗಳಿವೆ. ಇಂಗ್ಲಿಷ್ ಕೈಪಿಡಿಗಳಲ್ಲಿ ಇವು ಸಿಗುವುದು ಕಷ್ಟವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 'ಹುಬ್ಬಳ್ಳಿ' ಎಂಬ ಪದ ಓದುವವರಿಗೆ ಮೂರಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕೊಂಬು, ಅರ್ಧಾಕ್ಷರದ ಗುರುತು, ಗುಡಿಸು ಎಲ್ಲ ಸೇರಿ ಒಂಬತ್ತು ಸಂಕೇತ. ಯುಟಿಎಫ್-8ರಲ್ಲಿ ಉಳಿಸಿದಾಗ 27 ಬೈಟ್. ಸಾಲಿನ ಉದ್ದವನ್ನು ಅಳೆಯುವಾಗ ಒಂದೊಂದು ಉಪಕರಣ ಒಂದೊಂದು ರೀತಿ ಎಣಿಸುತ್ತದೆ. ಹಾಗಾಗಿ ಕನ್ನಡ ಸಂದೇಶವಿರುವ ಸಾಲು ಕಣ್ಣಿಗೆ ಗಿಡ್ಡವಾಗಿದ್ದರೂ ಮುರಿದುಬೀಳಬಹುದು. ಇದರಿಂದ ಗಾಬರಿಯಾಗಬೇಕಿಲ್ಲ. ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನು ಬ್ಲ್ಯಾಕ್ ಆಗಲಿ ಪ್ರೆಟಿಯರ್ ಆಗಲಿ ತಾನಾಗಿ ತುಂಡು ಮಾಡುವುದಿಲ್ಲ, ಸುತ್ತಲಿನ ಕೋಡ್ ಮಾತ್ರ ಸರಿಯುತ್ತದೆ. ಆದರೂ ಕನ್ನಡ ಸಂದೇಶಗಳನ್ನೆಲ್ಲ ಪ್ರತ್ಯೇಕ ಜೇಸನ್ ಫೈಲಿಗೆ ಸಾಗಿಸುವುದು ಒಳ್ಳೆಯದು. ಅನುವಾದ ತಿದ್ದುವವರೂ ಕೋಡ್ ತಿದ್ದುವವರೂ ಆಗ ಒಬ್ಬರ ದಾರಿಗೆ ಒಬ್ಬರು ಅಡ್ಡ ಬರುವುದಿಲ್ಲ. ಆ ಜೇಸನ್ ಫೈಲನ್ನು ಜೋಡಿಸಲು ಪೈಥಾನ್ ಜೊತೆಗೇ ಬರುವ 'ಜೇಸನ್ ಡಾಟ್ ಟೂಲ್' ಬಳಸುವವರು ಒಂದು ವಿಷಯ ತಿಳಿದಿರಬೇಕು: ಅದು ಕನ್ನಡ ಅಕ್ಷರಗಳನ್ನೆಲ್ಲ ಹಿಮ್ಮುಖ ಗೆರೆ, ಯು ಮತ್ತು ನಾಲ್ಕು ಅಂಕಿಗಳ ಸಂಕೇತಗಳಾಗಿ ಬದಲಿಸಿಬಿಡುತ್ತದೆ. ಯಂತ್ರಕ್ಕೆ ಎರಡೂ ಒಂದೇ, ಆದರೆ ತಿದ್ದಬೇಕಾದ ಮನುಷ್ಯರಿಗೆ ಆ ಫೈಲು ಓದಲು ಬಾರದಂತಾಗುತ್ತದೆ. ಪೈಥಾನ್ 3.9ರಿಂದ '--ನೋ-ಎನ್ಶೂರ್-ಆಸ್ಕಿ' ಎಂಬ ಆಯ್ಕೆ ಇದೆ, ಅದನ್ನು ಕೊಟ್ಟರೆ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಈಗಾಗಲೇ ಸಂಕೇತಗಳಾಗಿಬಿಟ್ಟ ಫೈಲಿದ್ದರೆ 'ಜೆಕ್ಯೂ' ಎಂಬ ಉಪಕರಣದ ಮೂಲಕ ಹಾಯಿಸಿದರೆ ಅಕ್ಷರಗಳು ಮರಳಿ ಬರುತ್ತವೆ.

ಇನ್ನೊಂದು ಅಪಾಯ ಕಾಣದ ಅಕ್ಷರಗಳದ್ದು. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟಕಾರದ ನಂತರ ಅಗಲವಿಲ್ಲದ ಒಂದು ಗುರುತು ಇರುತ್ತದೆ, ಮುಂದಿನ ವಕಾರ ಒತ್ತಕ್ಷರವಾಗಿ ಕೆಳಗಿಳಿಯದಂತೆ ಅದು ತಡೆಯುತ್ತದೆ. ಅದನ್ನು ತೆಗೆದರೆ 'ಸಾಫ್ಟ್ವೇರ್' ಆಗುತ್ತದೆ. ಮೇಲೆ ಹೆಸರಿಸಿದ ಫಾರ್ಮ್ಯಾಟರ್‌ಗಳು ಪಠ್ಯದೊಳಗಿನ ಈ ಗುರುತನ್ನು ಮುಟ್ಟುವುದಿಲ್ಲ. ಮುಟ್ಟುವುದು ಕಾಣದ ಅಕ್ಷರಗಳನ್ನೆಲ್ಲ ಕಿತ್ತುಹಾಕುವ ಉದ್ದೇಶದಿಂದ ಯಾರೋ ಬರೆದಿಟ್ಟ ಸ್ವಂತ ಸ್ಕ್ರಿಪ್ಟುಗಳು. ಫಾರ್ಮ್ಯಾಟ್ ದಿನದ ಉತ್ಸಾಹದಲ್ಲಿ ಅಂಥದ್ದನ್ನು ಓಡಿಸಿದರೆ ಪರದೆಯ ಮೇಲಿನ ಕನ್ನಡವೆಲ್ಲ ಕೆಡುತ್ತದೆ, ಯಾವ ಪರೀಕ್ಷೆಯೂ ಅದನ್ನು ಹಿಡಿಯುವುದಿಲ್ಲ. ಹಳೆಯ ಪ್ರಾಜೆಕ್ಟುಗಳಲ್ಲಿ ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳ ಸಂಕೇತದಲ್ಲಿ ಉಳಿಸಿದ ಪಠ್ಯವೂ ಇರುತ್ತದೆ. ಎಲ್ಲ ಫೈಲುಗಳೂ ಯುಟಿಎಫ್-8 ಎಂದೇ ಭಾವಿಸಿ ಓದುವ ಉಪಕರಣ ಇಂಥ ಫೈಲನ್ನು ಓದಿ ಮರಳಿ ಬರೆದರೆ ಅಲ್ಲಿನ ಬೈಟುಗಳು ಶಾಶ್ವತವಾಗಿ ಹಾಳಾಗಬಹುದು. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಕನ್ನಡ ಬಲ್ಲವರು ಕಣ್ಣಾರೆ ಓದಿ ನೋಡಿ, ಅದನ್ನೇ ಒಂದು ಕಮಿಟ್ ಮಾಡಿ. ಆಮೇಲೆ ಫಾರ್ಮ್ಯಾಟರ್.

ಪಾಠ ಹೇಳುವವರ ಕಡೆಯಿಂದ ಬರುವ ಆಕ್ಷೇಪವೊಂದಿದೆ: ಎಲ್ಲವನ್ನೂ ಯಂತ್ರವೇ ತಿದ್ದಿದರೆ ಮಕ್ಕಳು ಶಿಸ್ತು ಕಲಿಯುವುದು ಯಾವಾಗ? ಕಾಪಿ ಬರೆಸಿ ಅಕ್ಷರ ದುಂಡಾಗಿಸುವ ನಮ್ಮ ಶಾಲೆಗಳ ಪದ್ಧತಿಯಲ್ಲಿ ಬೆಳೆದವರಿಗೆ ಈ ಕಾಳಜಿ ಸಹಜ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಕೋಡ್‌ನ ಶಿಸ್ತು ಖಾಲಿ ಜಾಗದಲ್ಲಿ ಇರುವುದು ಸ್ವಲ್ಪವೇ. ವೇರಿಯಬಲ್‌ಗೆ ಅರ್ಥವುಳ್ಳ ಹೆಸರಿಡುವುದು, ನೂರು ಸಾಲಿನ ಫಂಕ್ಷನ್ನನ್ನು ನಾಲ್ಕಾಗಿ ಒಡೆಯುವುದು, ಬೇಡವಾದದ್ದನ್ನು ತೆಗೆಯುವುದು, ಏನು ಮಾಡಿದೆ ಎಂಬುದಕ್ಕಿಂತ ಯಾಕೆ ಮಾಡಿದೆ ಎಂದು ಟಿಪ್ಪಣಿ ಬರೆಯುವುದು: ಇವುಗಳಲ್ಲಿ ಒಂದನ್ನೂ ಫಾರ್ಮ್ಯಾಟರ್ ಮಾಡಿಕೊಡದು. ಮೇಷ್ಟ್ರ ಕೆಂಪು ಶಾಯಿ ಈ ಜಾಗಗಳಿಗೆ ಉಳಿಯಬೇಕು. ಅಲ್ಲದೆ ತಾನು ಬರೆದದ್ದು ಉಳಿಸಿದ ಕ್ಷಣದಲ್ಲೇ ಸರಿಯಾದ ರೂಪಕ್ಕೆ ಬರುವುದನ್ನು ದಿನವೂ ನೋಡುವ ಹುಡುಗಿಗೆ ಆ ರೂಪ ಕಣ್ಣಿಗೆ ಒಗ್ಗುತ್ತದೆ. ಆವರಣ ಮುಚ್ಚಲು ಮರೆತಾಗ ಫಾರ್ಮ್ಯಾಟರ್ ಮುಂದೆ ಹೋಗದೆ ನಿಂತುಬಿಡುವುದರಿಂದ ತಪ್ಪು ಆಗಲೇ ತಿಳಿಯುತ್ತದೆ. ಅರವತ್ತು ಮಂದಿಯ ತರಗತಿಯ ಕೋಡ್ ನೋಡಬೇಕಾದ ಅಧ್ಯಾಪಕರು ಓದುವ ಮೊದಲು ಎಲ್ಲ ಫೈಲುಗಳನ್ನೂ ಒಂದೇ ಫಾರ್ಮ್ಯಾಟರ್‌ನಲ್ಲಿ ಹಾಯಿಸಿಕೊಂಡರೆ ಮೊದಲ ನೋಟದ ಅಂದಚೆಂದಕ್ಕೆ ಅಂಕ ಹೋಗುವುದು ತಪ್ಪುತ್ತದೆ. ಆಲೋಚನೆ ಚುರುಕಾಗಿದ್ದು ಜೋಡಣೆ ಬಾರದ ವಿದ್ಯಾರ್ಥಿಗೆ ಇದರಿಂದ ನ್ಯಾಯ ಸಿಗುತ್ತದೆ. ತನಗೆ ಇಷ್ಟವಾದ ಶೈಲಿ ಬಿಟ್ಟುಕೊಡಬೇಕಲ್ಲ ಎಂದು ಕೊರಗುವ ಅನುಭವಿಗಳಿಗೂ ಒಂದು ಮಾತು: ಗುಂಪಿನಲ್ಲಿ ಎಲ್ಲರೂ ಬಿಟ್ಟುಕೊಡುತ್ತಾರೆ, ಯಾರ ಶೈಲಿಯೂ ಗೆಲ್ಲುವುದಿಲ್ಲ. ಯಂತ್ರದ ತೀರ್ಮಾನ ಎಲ್ಲರಿಗೂ ಒಪ್ಪಿಗೆಯಾಗುವುದು ಅದಕ್ಕೇ.

ಒಮ್ಮೆ ನೇರ ಮಾಡಿದ ಸಾಲು ನೇರವಾಗಿ ಉಳಿಯಬೇಕಾದರೆ ಎರಡು ಕಡೆ ಕಾವಲು ಬೇಕು. ಒಂದು ಬರೆಯುವವರ ಯಂತ್ರದಲ್ಲಿ: 'ಪ್ರಿ-ಕಮಿಟ್' ಎಂಬ ಉಪಕರಣ ಸ್ಥಾಪಿಸಿಕೊಂಡರೆ ಪ್ರತಿ ಕಮಿಟ್‌ಗೆ ಮುಂಚೆ ಫಾರ್ಮ್ಯಾಟರ್ ತಾನಾಗಿ ಓಡುತ್ತದೆ, ಅದೂ ಬದಲಾದ ಫೈಲುಗಳ ಮೇಲೆ ಮಾತ್ರ. ಆದರೆ ಹೊಸಬರು ಅದನ್ನು ಸ್ಥಾಪಿಸಲು ಮರೆಯಬಹುದು, ಅವಸರದಲ್ಲಿದ್ದವರು ತಪ್ಪಿಸಿಕೊಂಡು ಹೋಗಬಹುದು. ಅದಕ್ಕಾಗಿ ಎರಡನೆಯದು ಸರ್ವರ್‌ನಲ್ಲಿ: ಯಾರೇ ಕೋಡ್ ಕಳಿಸಿದರೂ '--ಚೆಕ್' ಓಡಿಸಿ, ಒಂದು ಫೈಲು ತಪ್ಪಿದ್ದರೂ ಮರ್ಜ್ ತಡೆಯುವ ವ್ಯವಸ್ಥೆ. ಈ ಎರಡನೆಯ ಕಾವಲು ಫೈಲನ್ನು ತಾನೇ ತಿದ್ದಬಾರದು, ಇಲ್ಲ ಎಂದಷ್ಟೇ ಹೇಳಬೇಕು. ಎರಡೂ ಕಡೆ ಅದೇ ಆವೃತ್ತಿ ಇದೆಯೇ ಎಂದು ನೋಡಿಕೊಳ್ಳಿ, ಇಲ್ಲವಾದರೆ ಮನೆಯಲ್ಲಿ ಪಾಸಾದದ್ದು ಸರ್ವರ್‌ನಲ್ಲಿ ಫೇಲಾಗಿ ಗುಂಪಿನವರ ನಂಬಿಕೆಯೇ ಹೋಗುತ್ತದೆ.

ಆವೃತ್ತಿಯನ್ನು ಗಟ್ಟಿಯಾಗಿ ಹಿಡಿದಿಟ್ಟ ಮೇಲೆ ಅದನ್ನು ಎಂದು ಬದಲಿಸುವುದು ಎಂಬ ಪ್ರಶ್ನೆ ಉಳಿಯುತ್ತದೆ. ಬ್ಲ್ಯಾಕ್ ತನ್ನ ಶೈಲಿಯ ಬದಲಾವಣೆಗಳನ್ನು ಪ್ರತಿ ಕ್ಯಾಲೆಂಡರ್ ವರ್ಷದ ಮೊದಲ ಆವೃತ್ತಿಯಲ್ಲಿ ಮಾತ್ರ ತರುವ ನಿಯಮ ಇಟ್ಟುಕೊಂಡಿದೆ, ಆದ್ದರಿಂದ ವರ್ಷಕ್ಕೊಮ್ಮೆ ಆ ಕೆಲಸಕ್ಕೆ ಒಂದು ಮಧ್ಯಾಹ್ನ ತೆಗೆದಿಟ್ಟರೆ ಸಾಕು. ಅಂದು ಸಂಖ್ಯೆ ಬದಲಿಸಿ, '--ಡಿಫ್' ಓದಿ, ಓಡಿಸಿ, ಪರೀಕ್ಷಿಸಿ, ಒಂಟಿ ಕಮಿಟ್ ಮಾಡಿ, ಅದರ ಗುರುತುಸಂಖ್ಯೆಯನ್ನು ಇಗ್ನೋರ್ ಫೈಲಿನಲ್ಲಿ ಹಿಂದಿನ ವರ್ಷದ್ದರ ಕೆಳಗೆ ಬರೆಯಿರಿ.